ಹತ್ತು ಸಾವಿರ ಸಲ

ಹೇಮಾವತಿ ಸುಳ್ಳು ಹೇಳಿದ್ದು ಕಡಿಮೆ. ಸುಳ್ಳಿಗೆ ತಾಳ್ಮೆ ಬೇಕು, ಅದು ಅವಳಲ್ಲಿ ಹುಟ್ಟಾ ಇರಲಿಲ್ಲ. ಟಿವಿ ರಿಪೇರಿಗೆ ತಂದವನು "ನಾನೇನೂ ಮಾಡಿಲ್ರಿ, ತಾನ ಬಂದ್ ಆತು" ಅಂದರೆ, "ಒಳಗ ನೀರು ಸುರುವಿ ತಂದೀ, ಸುಳ್ಳ ಯಾಕ ಬೊಗಳ್ತಿ" ಎಂದು ಮುಖಕ್ಕೇ ಅನ್ನುವವಳು. ಕುಷ್ಟಗಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವಳ ಬಾಯಿಗೆ ಹೆದರದ ಗಿರಾಕಿ ಇರಲಿಲ್ಲ. ಆದರೂ ಬರುತ್ತಿದ್ದರು, ಯಾಕೆಂದರೆ ಅವಳು ಹಾಕಿದ ಬೆಸುಗೆ ಬಿಡುತ್ತಿರಲಿಲ್ಲ. ಅಂಥವಳು ನಲವತ್ತೈದನೇ ವಯಸ್ಸಿನಲ್ಲಿ ಎರಡೇ ಶಬ್ದದ ಒಂದು ಸುಳ್ಳು ಹೇಳಿದಳು. ಹೇಳಿದ ಮೇಲೆ ಎರಡು ತಿಂಗಳು ನೆಮ್ಮದಿಯಾಗಿ ಉಂಡಳು, ನೆಮ್ಮದಿಯಾಗಿ ಮಲಗಿದಳು.

ಈ ಕಥೆಯ ಬೇರು 1997ರಲ್ಲಿದೆ. ಆ ವರ್ಷ ಅವಳ ಅಪ್ಪ ಹುಚ್ಚೀರಪ್ಪ ಹುಬ್ಬಳ್ಳಿಯಿಂದ ಎರಡು ವಿಡಿಯೋ ಗೇಮ್ ಪೆಟ್ಟಿಗೆ ತಂದ. ಜಪಾನಿನ ಯಾವುದೋ ಹೆಸರಾಂತ ಯಂತ್ರದ ನಕಲು ಅವು. ಮೇಲೊಂದು ಬಾಯಿ, ಅದಕ್ಕೆ ಕ್ಯಾಸೆಟ್ ಒತ್ತಿ ಟಿವಿಗೆ ಸಿಕ್ಕಿಸಿದರೆ ಆಟ ಶುರು. ರೇಡಿಯೋ ರಿಪೇರಿ ಅಂಗಡಿಯ ಅರ್ಧಕ್ಕೆ ಪರದೆ ಕಟ್ಟಿ, ತಾಸಿಗೆ ಐದು ರೂಪಾಯಿಯಂತೆ ಆಡಿಸಿದ. ಹನುಮಸಾಗರದಿಂದಲೂ ಹುಡುಗರು ಶಾಲೆ ತಪ್ಪಿಸಿ ಬರುತ್ತಿದ್ದರು. ಆಗ ಹೇಮಾವತಿಗೆ ಹತ್ತೊಂಬತ್ತು. ಅವ್ವ ತೀರಿಹೋಗಿದ್ದರಿಂದ ಒಂಬತ್ತು ವರ್ಷದ ತಮ್ಮ ಗಾಳೇಶನಿಗೆ ಇವಳೇ ಅವ್ವ.

ಒಂದು ಮಧ್ಯಾಹ್ನ ಗಾಳೇಶ ನಾಲ್ಕು ತಾಸು ಆಡಿ ಕೊನೆಯ ಕೋಟೆಯ ಬಾಗಿಲಿಗೆ ಬಂದಿದ್ದ. ಕರೆಂಟು ಹೋಯಿತು. ಬಂದಾಗ ಆಟ ಮತ್ತೆ ಮೊದಲಿನಿಂದ. ಹುಡುಗ ನೆಲಕ್ಕೆ ಹಣೆ ಹಚ್ಚಿ ಅತ್ತ.

"ಅತ್ತರ ಕರೆಂಟ್ ಬರ್ತೈತೇನಲೇ?" ಎಂದು ಹೇಮಾವತಿ ಬೆನ್ನಿಗೊಂದು ಕೊಟ್ಟಳು. "ದೊಡ್ಡಾವಾಗು. ಕರೆಂಟ್ ಹೋದ್ರೂ ಮರೀಲಾರದಂಥಾ ಆಟ ನೀನ ಮಾಡು."

ಅವಳು ಅದನ್ನು ಸಂಜೆಯೊಳಗೆ ಮರೆತಳು. ಅವನು ಮರೆಯಲಿಲ್ಲ.

ಹೇಮಾವತಿಯನ್ನು ಸಿದ್ದಾಪುರಕ್ಕೆ ಕೊಟ್ಟರು. ಮಾವ ಕಾಲುವೆಯ ನೀರಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೂಬು ತಿರುವುವವನು. ಗಂಡನ ಜೊತೆ ಹೊಂದಲಿಲ್ಲ, ಎರಡೇ ವರ್ಷಕ್ಕೆ ತಿರುಗಿ ಬಂದಳು. ಆ ಮನೆಯಿಂದ ತಂದದ್ದು ಒಂದು ಟ್ರಂಕು ಮತ್ತು ಕಾಲುವೆಯ ಸುದ್ದಿಗಳು: ಮೇಲಿನ ಗದ್ದೆಯವರು ಕದ್ದು ತೂಬಿಗೆ ಕಲ್ಲು ಸಿಕ್ಕಿಸುವುದು, ನೀರು ತಮ್ಮ ತನಕ ಬಂದೀತೇ ಎಂದು ಕೊನೆಯ ಗದ್ದೆಯ ಹೆಂಗಸರು ಬದುವಿನ ಮೇಲೆ ನಿಂತು ಕಾಯುವುದು. ಗಾಳೇಶ ಅವನ್ನು ಊಟದ ಹೊತ್ತಿಗೆ ಕೇಳಿ ಕೇಳಿ ಹೇಳಿಸುತ್ತಿದ್ದ.

ಗಾಳೇಶ ಕಲಿತು ಯಲಬುರ್ಗಾದ ಒಂದು ಖಾಸಗಿ ಐಟಿಐನಲ್ಲಿ ಕಲಿಸುವವನಾದ. ಅಷ್ಟರಲ್ಲಿ ಆ ಪೆಟ್ಟಿಗೆಗಳ ಕಾಲ ಮುಗಿದು, ಎಲ್ಲರ ಕೈಗೂ ಫೋನು ಬಂದಿತ್ತು. ಆದರೆ ಜರ್ಮನಿ, ಫ್ರಾನ್ಸ್, ಜಪಾನಿನಲ್ಲಿ ಮೀಸೆ ನರೆತ ಗಂಡಸರು ತಮ್ಮ ಹುಡುಗತನದ ಯಂತ್ರಗಳನ್ನು ಒರೆಸಿ ಇಟ್ಟುಕೊಂಡಿದ್ದಾರೆ, ಅವಕ್ಕೆ ಹೊಸ ಆಟ ಮಾಡಿಕೊಟ್ಟರೆ ಕೇಳಿದಷ್ಟು ಕೊಡುತ್ತಾರೆ ಎಂಬುದನ್ನು ಅವನು ಕಂಡುಕೊಂಡ. ಹೇಮಾವತಿ ನಂಬಲಿಲ್ಲ.

"ಫೋನಿನಾಗ ಫುಕಟ್ ಆಟ ಇರ್ತಾವ. ಸತ್ತ ಡಬ್ಬಿಗೆ ಯಾರು ರೊಕ್ಕ ಕೊಡ್ತಾರಲೇ?"

"ಫುಕಟ್ ಇರೋದಕ್ಕ ಅದನ್ನ ಯಾರೂ ಕೇಳಂಗಿಲ್ಲಕ್ಕ. ಇದು ನೂರ ಇದ್ರ ನೂರ. ಕೈಯಾಗ ಹಿಡಿಯಾಕ ಕ್ಯಾಸೆಟ್ ಬೇಕು, ಕಪಾಟಿನಾಗ ಇಡಾಕ ಪೆಟ್ಟಿಗಿ ಬೇಕು, ಓದಾಕ ಪುಸ್ತಕ ಬೇಕು. ಅದಕ್ಕ ಕೊಡ್ತಾರ."

ಏಳು ವರ್ಷ ಕೂತು ಬರೆದ. ಆ ಯಂತ್ರದಲ್ಲಿ ಜಾಗವೆಂದರೆ ಅಂಗೈಯಗಲ; ಒಂದು ಗಿಡ ಹೆಚ್ಚು ಬರೆದರೆ ಒಂದು ಎತ್ತು ತೆಗೆಯಬೇಕು. ಆಟದ ಹೆಸರು 'ಕೊನೆಯ ತೂಬು'. ಆಡುವವನೇ ನೀರಗಂಟಿ. ನೂರಾ ಇಪ್ಪತ್ತು ದಿನದ ಹಂಗಾಮು, ದಿನಕ್ಕೊಂದು ಪಾಳಿ. ತೂಬು ತೆಗೆಯುತ್ತ, ಮುಚ್ಚುತ್ತ, ಕಳ್ಳರನ್ನು ಬೆನ್ನಟ್ಟುತ್ತ ಕೊನೆಯ ಗದ್ದೆಗೆ ನೀರು ಮುಟ್ಟಿಸಬೇಕು. ಎಲ್ಲಕ್ಕಿಂತ ದೊಡ್ಡದೆಂದರೆ, ಪ್ರತಿ ಸಲ ತೂಬು ತಿರುವಿದಾಗಲೂ ಆಟ ಅದನ್ನು ಬರೆದಿಟ್ಟುಕೊಳ್ಳುತ್ತಿತ್ತು. ಕರೆಂಟು ಯಾವಾಗಲಾದರೂ ಹೋಗಲಿ, ಬಂದ ಮೇಲೆ ಅದೇ ತೂಬಿನ ಮುಂದೆ ಅದೇ ನೀರಗಂಟಿ ನಿಂತಿರುತ್ತಿದ್ದ. ಕರೆಂಟು ಹೋಗದ ದೇಶದಲ್ಲಿ ಹುಟ್ಟಿದವರಿಗೆ ಇಂಥ ಯೋಚನೆ ಬರುವುದಿಲ್ಲ.

ಹಾಗೆ ಬರೆದಿಡಲು ಒಂದು ಸಣ್ಣ ಚಿಪ್ಪು ಬೇಕು, ಎಂಟು ಕಾಲಿನದು. ಅದರಲ್ಲಿ ಎರಡು ನಮೂನೆ. ಒಂದಕ್ಕೆ ನೂರಾ ನಲವತ್ತು ರೂಪಾಯಿ. ಅದು ಪಾಟಿಯ ಹಾಗೆ, ಕೋಟಿ ಸಲ ಬರೆದು ಒರೆಸಿದರೂ ಸವೆಯುವುದಿಲ್ಲ. ಇನ್ನೊಂದಕ್ಕೆ ಇಪ್ಪತ್ತೆರಡು, ಅದು ಕಾಗದದ ಹಾಗೆ, ರಬ್ಬರಿನಿಂದ ಅಳಿಸಿ ಅಳಿಸಿ ಬರೆದರೆ ಹತ್ತು ಸಾವಿರದ ಸುಮಾರಿಗೆ ಹರಿಯುತ್ತದೆ. ಗಾಳೇಶ ಮೊದಲು ಅಗ್ಗದ್ದನ್ನೇ ಹಾಕಿ ನೋಡಿದ್ದ. ಹದಿನಾಲ್ಕು ತಾಸಿನ ಆಟಕ್ಕೆ, ಅರವತ್ತನೇ ದಿನದ ಹತ್ತಿರ, ಅದು ಸತ್ತಿತು. ಸತ್ತ ಆ ಚಿಪ್ಪನ್ನು ಹೇಮಾವತಿಯೇ ಕಿತ್ತು ಸ್ಕ್ರೂ ಡಬ್ಬಿಗೆ ಹಾಕಿದ್ದಳು. ಆಮೇಲೆ ನೂರಾ ನಲವತ್ತರದ್ದನ್ನೇ ತರಿಸಿದರು.

ಮೊದಲ ನೂರು ಕ್ಯಾಸೆಟ್ ಅಕ್ಕ-ತಮ್ಮ ಕೈಯಾರೆ ಮಾಡಿದರು. ದಾದೇಸಾಬನ ಗುಜರಿ ಅಂಗಡಿಯಿಂದ ಹಳೆಯ ಕ್ಯಾಸೆಟ್ ತಂದು, ಹೊಟ್ಟೆ ಬಗೆದು, ಪ್ಲಾಸ್ಟಿಕ್ ಹೊದಿಕೆಯನ್ನು ಸೋಪಿನಲ್ಲಿ ತೊಳೆದರು. ಬೋರ್ಡು, ಚಿಪ್ಪು, ಪೆಟ್ಟಿಗೆ, ಪುಸ್ತಕ ಎಲ್ಲ ಸೇರಿ ಒಂದಕ್ಕೆ ಎಂಟುನೂರಾ ಅರವತ್ತು ಬಿತ್ತು. ಮಾರಿದ್ದು ಮೂರು ಸಾವಿರದ ಆರುನೂರಕ್ಕೆ. ಒಂಬತ್ತು ದಿನದಲ್ಲಿ ನೂರೂ ಖಾಲಿ. ಟಿವಿಯಲ್ಲಿ ಆಟ ತೆರೆದರೆ ಮೊದಲ ಪರದೆಯಲ್ಲಿ 'ಗಾಳೇಶ ಹುಚ್ಚೀರಪ್ಪ, ಕುಷ್ಟಗಿ' ಎಂದು ಕನ್ನಡದಲ್ಲಿ ಬರುತ್ತಿತ್ತು. ಕೆಳಗೆ ಅಕ್ಕನ ಹೆಸರೂ ಹಾಕುತ್ತೇನೆಂದಿದ್ದ.

"ಬೆಸಗಿ ಹಾಕಿದಾಕಿ ಹೆಸರು ಯಾಕೋ? ಜಾಗ ದಂಡ. ಅಲ್ಲೊಂದು ಕ್ವಾಣ ಬರಿ" ಎಂದು ಬೈದಿದ್ದಳು.

ಪೆಟ್ಟಿಗೆ, ಪುಸ್ತಕ ಮುದ್ರಿಸಿದವನು ಕೊಪ್ಪಳದ ದೇವೇಂದ್ರಪ್ಪ. ಲಗ್ನಪತ್ರಿಕೆಯ ದೊಡ್ಡ ಪ್ರೆಸ್ಸು ಅವನದು. ಹೊರದೇಶಕ್ಕೆ ಮಾಲು ಕಳಿಸುವ ಕಾಗದಪತ್ರ, ಅಲ್ಲಿಂದ ದುಡ್ಡು ಬರುವ ಖಾತೆ ಇವರಿಬ್ಬರಿಗೆ ಇರಲಿಲ್ಲ, ಅವನಿಗಿತ್ತು. ಹೀಗಾಗಿ ಮಾರಾಟ ಅವನ ಮೂಲಕ ಆಯಿತು, ದುಡ್ಡು ಅವನ ಕಣ್ಣ ಮುಂದೆ ಬಂತು. ನೂರೈವತ್ತು ರೂಪಾಯಿಯ ತನ್ನ ಪೆಟ್ಟಿಗೆಯಿಂದಲೇ ಇದೆಲ್ಲ ಮಾರಿದ್ದು ಎಂದು ಅವನ ತಲೆಗೆ ಹೊಕ್ಕಿತು. ಎರಡನೇ ಸಲ ಸಾವಿರ ಮಾಡೋಣ ಎಂದು ಗಾಳೇಶನನ್ನು ಕರೆದು, ನಲವತ್ತು ಸಾವಿರ ಕೈಗಿಟ್ಟು, ಬಾಂಡ್ ಪೇಪರಿಗೆ ಸಹಿ ಹಾಕಿಸಿಕೊಂಡ. ಆಟದ ಸರ್ವ ಹಕ್ಕೂ ದೇವೇಂದ್ರಪ್ಪನದು ಎಂದು ಏಳನೇ ಸಾಲಿನಲ್ಲಿತ್ತು. ಗಾಳೇಶ ಏಳನೇ ಸಾಲಿನ ತನಕ ಓದಿರಲಿಲ್ಲ. ಮುಂದೆ ಬೋರ್ಡು ಚೀನಾದಲ್ಲಿ ಮಾಡಿಸುತ್ತೇನೆ, ನಿಮ್ಮ ಕೈಕೆಲಸ ಬೇಡ ಎಂಬ ಸುದ್ದಿ ಬಂತು. ಅದರ ಹಿಂದೆಯೇ ಹೊಸ ಪೆಟ್ಟಿಗೆಯ ಮಾದರಿ ಬಂತು: 'ದೇವೇಂದ್ರ ಗೇಮ್ಸ್, ಕೊಪ್ಪಳ'. ಹುಬ್ಬಳ್ಳಿಯ ಯಾವನೋ ಕಂಪ್ಯೂಟರಿನವನನ್ನು ಹಿಡಿದು ಆಟದ ಮೊದಲ ಪರದೆಯಿಂದಲೂ ಗಾಳೇಶನ ಹೆಸರು ತೆಗೆಸಿದ್ದ.

ಹೇಮಾವತಿ ಆ ಮಾದರಿ ಪೆಟ್ಟಿಗೆ ಹಿಡಿದುಕೊಂಡು ಸಿಕ್ಕ ಬಸ್ಸು ಹತ್ತಿದಳು.

"ಸಾಹುಕಾರ್ರ, ನನ್ನ ತಮ್ಮನ ಹೆಸರು ಎಲ್ಲಿ ಹೋತ್ರಿ?"

ದೇವೇಂದ್ರಪ್ಪ ಕನ್ನಡಕ ಹಣೆಗೇರಿಸಿದ. "ಕುಂದ್ರು ಹೇಮವ್ವ. ಚಾ ತರಿಸ್ತೀನಿ."

"ಚಾ ಕುಡಿಯಾಕ ಬಂದಿಲ್ರಿ."

"ನೋಡವಾ, ಪೆಟ್ಟಿಗಿ ಮ್ಯಾಲ ಒಂದ ಹೆಸರಿದ್ರ ಕಂಪನಿ ಅನಿಸ್ತೈತಿ. ಎರಡಾದ್ರ ಅಂಗಡಿ ಅನಿಸ್ತೈತಿ. ಫಾರಿನ್ ಗಿರಾಕಿಗೆ ಗಾಳೇಶ ಯಾರು, ಕುಷ್ಟಗಿ ಎಲ್ಲೈತಿ? ರೊಕ್ಕ ಕೊಟ್ಟೀನಿ, ಸಹಿ ಮಾಡ್ಯಾನ. ಮತ್ತೇನು?"

ಅವನ ಮೇಜಿನ ಮೇಲೆ ಲಗ್ನಪತ್ರಿಕೆಯ ಕಟ್ಟುಗಳಿದ್ದವು. ಮೇಲಿನ ಕಾರ್ಡಿನ ಹಿಂಭಾಗದಲ್ಲಿ ಸುಖಾಗಮನ ಬಯಸುವವರ ಹೆಸರು ಇರುವೆ ಸಾಲಿನ ಹಾಗೆ ಇಳಿದಿತ್ತು.

"ಇದ್ಯಾರದ್ರಿ?"

"ಇಟಗಿಯವರದು. ಸ್ವಾದರಮಾವನ ಹೆಸರು ಬಿಟ್ಟಿತ್ತಂತ. ಮನ್ನಿ ಬಂದು ಪ್ರೆಸ್ಸಿನಾಗ ರಂಪ ಮಾಡಿದ್ರು. ಎಂಟನೂರು ಕಾರ್ಡು ಮತ್ತ ಹೊಡದು ಕೊಡಾಕತ್ತೀನಿ, ನನ್ನ ಖರ್ಚಿನಾಗ. ಏನ್ ಮಾಡ್ತಿ, ಹೆಸರಿನ ಧಂಧೆ."

ಹೇಮಾವತಿಯ ಬಾಯಿಂದ 'ರಿ' ಬಿದ್ದುಹೋದದ್ದು ಅಲ್ಲೇ.

"ಮದಿವಿಗೆ ಬಂದು ಉಂಡು ಎಲಿ ತೆಗೀದ ಹೋಗೋ ಮಾವನ ಹೆಸರು ಬಿಟ್ರ ಎಂಟನೂರು ಕಾರ್ಡು ಮತ್ತ ಹೊಡೀತಿ. ಏಳು ವರ್ಷ ಕಣ್ಣು ಕಳಕೊಂಡು ಕುಂತಾವನ ಹೆಸರು ಕಿತ್ತು ಒಗದು, ನನಗ ಚಾ ತರಿಸ್ತೀಯಾ?"

ಹಿಂದೆ ಮುದ್ರಣ ಯಂತ್ರ ನಿಂತಿತು. ಕೆಲಸದವರು ಇಣುಕಿದರು. ದೇವೇಂದ್ರಪ್ಪನ ಮುಖ ಬಿಗಿಯಿತು.

"ಬಾಯಿ ಹಿಡದು ಮಾತಾಡು. ಬೆಸಗಿ ಹಾಕೋರು ಬೆಸಗಿ ಹಾಕ್ಕೊಂಡಿರಬೇಕು."

ಕೊಪ್ಪಳದಿಂದ ಕುಷ್ಟಗಿಯ ತನಕ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತು, ಪ್ರೆಸ್ಸಿಗೆ ಬೆಂಕಿ ಹಚ್ಚಿದರೆ ಯಾವ ಮೂಲೆಯ ಕಾಗದ ಮೊದಲು ಹೊತ್ತೀತು ಎಂದು ದಾರಿಯುದ್ದಕ್ಕೂ ಯೋಚಿಸಿದಳು. ಮನೆಗೆ ಬಂದರೆ ಗಾಳೇಶ ಚಪಾತಿ ಹಿಟ್ಟು ನಾದುತ್ತಿದ್ದ.

"ಬಿಡಕ್ಕ. ಮಂದಿ ಆಡ್ತಾರಲ್ಲ, ಅಷ್ಟ ಸಾಕು ನನಗ."

"ನಿನಗ ಸಾಕು. ನನಗ ಸಾಲಂಗಿಲ್ಲ" ಎಂದಳು.

ಎರಡು ತಿಂಗಳಾಗಿತ್ತು. ಒಂದು ದಿನ ದೇವೇಂದ್ರಪ್ಪ ತಾನೇ ಕಾರಿನಲ್ಲಿ ಬಂದು ಅಂಗಡಿಯ ಮುಂದೆ ಇಳಿದ. ಹೆಸರು ಬಿಟ್ಟಿದ್ದಕ್ಕೆ ಕೂಗಾಡಿದ ಗಿರಾಕಿ ಮುಂದಿನ ಮದುವೆಗೆ ಅದೇ ಪ್ರೆಸ್ಸಿಗೆ ಬರುತ್ತಾನೆ. ಮೂವತ್ತು ವರ್ಷದಿಂದ ಅವನು ಕಂಡದ್ದು ಅದನ್ನೇ. ಹೇಮಾವತಿಯ ಸಿಟ್ಟನ್ನೂ ಅವನು ಅದೇ ತಕ್ಕಡಿಯಲ್ಲಿ ತೂಗಿದ್ದ.

"ಸಿಟ್ಟು ಇಳೀತೇನವಾ?" ಎಂದು ನಗುತ್ತ ಚೀನಾದಿಂದ ಬಂದ ಮಾದರಿ ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟ. "ಸಾವಿರ ಮಾಡ್ರಿ ಅನ್ನೂದಕ್ಕ ಮೊದಲ ಒಮ್ಮಿ ನೋಡಿ ಹೇಳು. ನಮ್ಮ ಜಿಲ್ಲಾದಾಗ ಇದನ್ನ ನೋಡಾಕ ಬರೋದು ನಿಮಗಿಬ್ಬರಿಗೆ ಅಷ್ಟ. ನೋಡಿದ್ದಕ್ಕ ಐದನೂರು ಕೊಡ್ತೀನಿ."

ಗಾಳೇಶ ಯಲಬುರ್ಗಾಕ್ಕೆ ಹೋಗಿದ್ದ. ಹೇಮಾವತಿ ಸ್ಕ್ರೂ ಬಿಚ್ಚಿ ಕ್ಯಾಸೆಟ್ ತೆರೆದಳು. ಬೋರ್ಡು ಹಸಿರಾಗಿ ಮಿರುಗುತ್ತಿತ್ತು, ಬೆಸುಗೆ ಒಂದೊಂದೂ ಸಾಸಿವೆ ಕಾಳಿನ ಹಾಗೆ ದುಂಡಗೆ. ಮೂಲೆಯಲ್ಲಿ ಎಂಟು ಕಾಲಿನ ಚಿಪ್ಪು. ಅಳತೆ ಅದೇ, ಬಣ್ಣ ಅದೇ. ಮೇಲಿನ ನಂಬರು ಬೇರೆ. ಆ ನಂಬರು ಅವಳಿಗೆ ಬಾಯಿಪಾಠವಿತ್ತು. ಅದರ ಜೊತೆ ಹುಟ್ಟಿದ್ದೊಂದು ಅವಳ ಸ್ಕ್ರೂ ಡಬ್ಬಿಯಲ್ಲಿ ಸತ್ತು ಬಿದ್ದಿತ್ತು.

"ಈ ಸಣ್ಣದು ಎಷ್ಟಕ್ಕ ಬಿತ್ರಿ?" ಎಂದು ಕೇಳಿದಳು. ಬಾಯಿಗೆ 'ರಿ' ಹೇಗೆ ವಾಪಸ್ ಬಂತೆಂದು ಅವಳಿಗೇ ಆಶ್ಚರ್ಯವಾಯಿತು.

"ಇಪ್ಪತ್ತೆರಡು! ನೀವು ಅದಕ್ಕ ನೂರಾ ನಲವತ್ತು ಸುರೀತಿದ್ರಿ. ಚೀನಾದವರು ಪ್ರೋಗ್ರಾಮಿನಾಗ ನಾಕು ಸಾಲು ತಿದ್ದಿ ಹೊಂದಿಸಿ ಕೊಟ್ರು. ಸಾವಿರಕ್ಕ ಲಕ್ಷದ ಹದಿನೆಂಟು ಸಾವಿರ ಉಳೀತು. ಕಾರ್ಡಿನ ಕಾಗದ ತುಸು ತೆಳ್ಳಂದು ಹಾಕಿದ್ರ ಯಾವ ಬೀಗರಿಗೆ ಗೊತ್ತಾಗ್ತೈತಿ ಹೇಳು? ಧಂಧೆ ಅಂದ್ರ ಇದು."

ಹೇಮಾವತಿ ಕ್ಯಾಸೆಟ್ ಮುಚ್ಚಿ ಅಪ್ಪನ ಕಾಲದ ಗೇಮ್ ಪೆಟ್ಟಿಗೆಗೆ ಒತ್ತಿ ಟಿವಿ ಹಚ್ಚಿದಳು. ಒಂದು ತಾಸು ಆಡಿದಳು. ನಡುವೆ ಎರಡು ಸಲ ಬೇಕೆಂದೇ ಪ್ಲಗ್ಗು ಕಿತ್ತಳು. ಎರಡು ಸಲವೂ ನೀರಗಂಟಿ ಬಿಟ್ಟಲ್ಲೇ ನಿಂತಿದ್ದ. ಒಂದು ತಾಸಿಗೆ ಏಳುನೂರು ಸಲ ಬರೆಯುತ್ತದೆ. ಹತ್ತು ಸಾವಿರಕ್ಕೆ ಹದಿನಾಲ್ಕು ತಾಸು. ಕುಷ್ಟಗಿಯ ಶಾಲೆಯಲ್ಲಿ ಎಂಟನೆಯ ಇಯತ್ತೆ ಓದಿದವಳಿಗೆ ಇಷ್ಟು ಭಾಗಾಕಾರ ಬರುತ್ತಿತ್ತು.

"ಹೆಂಗೈತಿ?"

ಒಂದೇ ಮಾತು ಹೇಳಿದರೆ ಸಾವಿರ ಕ್ಯಾಸೆಟ್ ಬದುಕುತ್ತವೆ. ಇವನೂ ಬದುಕುತ್ತಾನೆ.

"ಛಲೋ ಐತ್ರಿ" ಎಂದಳು.

ಅವನು ಐನೂರರ ನೋಟು ಇಟ್ಟು ಹೋದ. ಅವಳು ಅದನ್ನು ಮಡಚಿ ಸ್ಕ್ರೂ ಡಬ್ಬಿಯಲ್ಲಿ, ಸತ್ತ ಚಿಪ್ಪಿನ ಮೇಲೆ ಇಟ್ಟಳು. ತಮ್ಮನಿಗೆ ಹೇಳಲಿಲ್ಲ.

ಸಂಕ್ರಾಂತಿಗೆ ಏಳುನೂರಾ ಹನ್ನೆರಡು ಪೆಟ್ಟಿಗೆ ಹೊರದೇಶಕ್ಕೆ ಹೋದವು. ಒಂದಕ್ಕೆ ಐದು ಸಾವಿರದ ನಾಲ್ಕುನೂರು, ಎಲ್ಲರೂ ಮೊದಲೇ ದುಡ್ಡು ಕಟ್ಟಿದ್ದರು. ಕೊಪ್ಪಳದಲ್ಲಿ ದೇವೇಂದ್ರಪ್ಪನಿಗೆ ಶಾಲು ಹೊದಿಸಿದರು. ಹೇಮಾವತಿ ಆ ಫೋಟೋ ಬಂದ ಪತ್ರಿಕೆಯನ್ನು ಮಡಚಿ, ಬೆಸುಗೆ ಕಡ್ಡಿಯ ಕೆಳಗೆ ಹಾಸಿಕೊಂಡಳು.

ಗಾಳೇಶ ಹೆಸರಿಲ್ಲದಿದ್ದರೂ ಕದ್ದು ಕದ್ದು ಫೋನಿನಲ್ಲಿ ಆಡುವವರ ಮಾತು ಓದುತ್ತಿದ್ದ. ಚಪಾತಿ ತಿನ್ನುತ್ತ ಅಕ್ಕನಿಗೂ ಹೇಳುತ್ತಿದ್ದ.

"ಪೋಲೆಂಡಿನಾಗ ಒಬ್ಬಾಕಿ ನರ್ಸ್ ಅದಾಳಕ್ಕ. ದವಾಖಾನಿ ಪಾಳಿ ಮುಗಿಸಿ ಬಂದು ದಿನಾ ಒಂದ ಪಾಳಿ ಆಡ್ತಾಳಂತ. ಕೊನೀ ಗದ್ದಿ ಮುದುಕಿಗೆ ನೀರು ಮುಟ್ಟಿಸಿದ ಮ್ಯಾಲ ಮಲಗ್ತಾಳಂತ."

"ಹ್ಞೂಂ."

"ಮೂವತ್ತೆಂಟನೇ ದಿನಕ್ಕ ಬಂದಾಳ."

ಇನ್ನೊಂದು ವಾರ: "ನಲವತ್ನಾಲ್ಕು."

ಮತ್ತೊಂದು ವಾರ: "ಐವತ್ತೊಂದು! ನಮ್ಮ ಆಟ ಆಕಿಗೆ ಎಷ್ಟು ಹಿಡಿಸೈತಿ ನೋಡು."

ಹೇಮಾವತಿ ತಾಟಿನ ಕಡೆ ನೋಡುತ್ತ ಎಣಿಸಿದಳು. ಐವತ್ತೊಂದು. ಇನ್ನು ಒಂಬತ್ತು. ಹೇಳಿಬಿಡಲೇ ಎಂದು ಒಂದು ಮಾತು ನಾಲಗೆಯ ತುದಿಗೆ ಬಂತು. ಆ ಹೊತ್ತಿಗೆ ಕಿವಿಯಲ್ಲಿ ಮುದ್ರಣ ಯಂತ್ರ ನಿಂತ ಸದ್ದು ಕೇಳಿಸಿತು, ಬೆಸಗಿ ಹಾಕೋರು ಎಂಬ ಮಾತು ಕೇಳಿಸಿತು. ಬಾಯಿಗೆ ಬಂದದ್ದನ್ನು ಚಪಾತಿಯ ಜೊತೆ ನುಂಗಿದಳು.

ಕಾಯದೆ ಹಗಲು ರಾತ್ರಿ ಆಡಿದವರ ಕ್ಯಾಸೆಟ್ ಶಿವರಾತ್ರಿಯ ಹೊತ್ತಿಗೇ ಸತ್ತಿದ್ದವು; ತಮ್ಮ ಹಳೆಯ ಯಂತ್ರದ್ದೇ ದೋಷವೆಂದು ಅವರು ಸುಮ್ಮನಿದ್ದರು. ಯುಗಾದಿಯ ಹೊತ್ತಿಗೆ ಇನ್ನೂರು ಸತ್ತವು. ನೀರಗಂಟಿ ತೂಬಿನ ಮುಂದೆ ನಿಂತವನು ಹಾಗೇ ಕಪ್ಪಾಗಿ ಹೋಗುತ್ತಿದ್ದ; ಮತ್ತೆ ಹಚ್ಚಿದರೆ ಮೊದಲ ದಿನ. ಹೊರದೇಶದ ದುಡ್ಡು ತರುವ ಕಂಪನಿ ದೇವೇಂದ್ರಪ್ಪನ ಖಾತೆಗೆ ಬೀಗ ಹಾಕಿತು. ಎಲ್ಲರ ದುಡ್ಡು ವಾಪಸ್ ಕೊಡಬೇಕೆಂದರೆ ಮೂವತ್ತೆಂಟು ಲಕ್ಷ.

ಏಪ್ರಿಲ್ ತಿಂಗಳ ಒಂದು ರವಿವಾರ, ಬಿಸಿಲಿಗೆ ಓಣಿ ನಾಯಿಗಳೂ ಮಲಗಿದ್ದಾಗ, ದೇವೇಂದ್ರಪ್ಪ ಗಿರಾಕಿಗಳು ತಿರುಗಿ ಕಳಿಸಿದ ಕ್ಯಾಸೆಟ್ ತುಂಬಿದ ಎರಡು ರಟ್ಟಿನ ಡಬ್ಬ ಹೊತ್ತು ಅಂಗಡಿಗೆ ಬಂದ. ಚಾಲಕ ಬಂದಿರಲಿಲ್ಲ, ತಾನೇ ಹೊತ್ತಿದ್ದ. ಫೋನು ಅವಳ ಮುಂದೆ ಹಿಡಿದ. ಜರ್ಮನಿಯ ಒಬ್ಬ ಹಳೆಯ ಗಿರಾಕಿ, ಮೊದಲ ನೂರರದೊಂದು ಮತ್ತು ಈಗಿನದೊಂದು, ಎರಡನ್ನೂ ಬಿಚ್ಚಿ ಫೋಟೋ ಹಾಕಿದ್ದ. ಸಣ್ಣ ಚಿಪ್ಪಿಗೆ ಕೆಂಪು ಸುತ್ತು. ಮೊದಲ ನೂರು ಮಾಡಿದವರಿಗೆ ಇದು ಒಂದೇ ನೋಟಕ್ಕೆ ತಿಳಿಯುತ್ತಿತ್ತು ಎಂದು ಕೆಳಗೆ ಬರೆದಿದ್ದ.

"ಗೊತ್ತಿತ್ತೋ ಇಲ್ಲೋ ನಿನಗ?" ಎಂದು ದೇವೇಂದ್ರಪ್ಪ ಕೂಗಿದ.

"ಗೊತ್ತಿತ್ತು."

"ನಾ ಕೇಳಿದ್ನೆಲ್ಲ! ಮನಿ ಬಾಗಲಿಗೆ ಬಂದು ಕೇಳಿದ್ನೆಲ್ಲ, ಹೆಂಗೈತಿ ಅಂತ!"

"ಕೇಳಿದಿ. ಬೆಸಗಿ ಹಾಕೋರನ್ನ ಕೇಳಿದಿ. ಬೆಸಗಿ ಛಲೋ ಇತ್ತು, ಛಲೋ ಐತಿ ಅಂದೆ."

"ಏನ್ ಹೆಂಗಸಾ ನೀ! ನನ್ನ ಮನಿ ಮುಳುಗಿತು."

"ಕುಂದ್ರು. ಮಂದಿ ಏನೇನ್ ಬೈದಾರ, ಓದು. ಜೋರಾಗಿ ಓದು, ನನಗ ಇಂಗ್ಲಿಷ್ ಬರಂಗಿಲ್ಲ. ಕನ್ನಡ ಮಾಡಿ ಓದು."

ಅವನು ಓದಲಾರದೆ ನಿಂತ. ಅವಳು ಕಾದ ಬೆಸುಗೆ ಕಡ್ಡಿಯನ್ನು ಒದ್ದೆ ಸ್ಪಂಜಿಗೆ ಒತ್ತಿದಳು, ಅದು ಚುಯ್ ಎಂದಿತು. ಅವನು ಓದಿದ. ದೇವೇಂದ್ರ ಗೇಮ್ಸ್ ಕಳ್ಳರು. ದೇವೇಂದ್ರ ಗೇಮ್ಸ್ ಮೋಸಗಾರರು. ಈ ಹೆಸರು ಕಂಡಲ್ಲಿ ದುಡ್ಡು ಕೊಡಬೇಡಿ.

"ಗಾಳೇಶ ಅಂತ ಎಲ್ಲೆರ ಐತೇನು?"

"ಇಲ್ಲ."

"ಹೆಂಗ ಇರ್ತೈತಿ? ನೀನ ತೆಗೆದೀಯಲ್ಲ. ಇಷ್ಟೆಲ್ಲಾ ಬೈಗಳದಾಗ ಅವಗ ಒಂದೂ ತಟ್ಟಿಲ್ಲ. ದೊಡ್ಡ ಉಪಕಾರ ಮಾಡೀದಿ."

ಅವಳು ನಕ್ಕಳು. ಅಷ್ಟು ಹಗುರಾಗಿ ಎಷ್ಟೋ ವರ್ಷದಿಂದ ನಕ್ಕಿರಲಿಲ್ಲ. ನಗುತ್ತಲೇ ತಿರುಗಿದರೆ, ಒಳಗಿನ ಪರದೆ ಹಿಡಿದು ಗಾಳೇಶ ನಿಂತಿದ್ದ.

"ಅಕ್ಕ, ಆ ನರ್ಸಮ್ಮ ಐವತ್ತೊಂದಕ್ಕ ಬಂದಾಳ ಅಂತ ನಾ ಓದಿ ಹೇಳಿದಾಗ, ನಿನಗ ಗೊತ್ತಿತ್ತೇನು?"

"ಗೊತ್ತಿತ್ತು."

"ಎಣಿಸಿದ್ದೇನು?"

"ಎಣಿಸಿದ್ದೆ. ಅರವತ್ತಕ್ಕ ಸಾಯ್ತೈತಿ ಅಂತ."

ಗಾಳೇಶ ಸ್ಟೂಲಿನ ಮೇಲೆ ಕೂತ. ದನಿ ಏರಿಸುವುದು ಅವನಿಗೆ ಬರುತ್ತಿರಲಿಲ್ಲ. "ಕರೆಂಟ್ ಹೋದ್ರೂ ಮರೀಬಾರದು ಅಂತ ಹೇಳಿದಾಕಿ ನೀನ. ಇಲ್ಲಿ, ಇದ ನೆಲದ ಮ್ಯಾಲ. ಅದಕ್ಕಂತ ಏಳು ವರ್ಷ ಬರದೆ ನಾ. ಇವ ಬರೇ ಹೆಸರು ತೆಗೆದ. ನೀ ಆಟನ ಕೊಂದಿ."

ಹೇಮಾವತಿ ತಮ್ಮನಿಂದ ಮುಖ ತಿರುಗಿಸಿದಳು. ಎದುರಿಗೆ ದೇವೇಂದ್ರಪ್ಪನ ಬೆವರಿದ ಮುಖವಿತ್ತು. ಅದನ್ನು ನೋಡಿದ ಕೂಡಲೇ ಸಿಟ್ಟು ತನ್ನ ಜಾಗಕ್ಕೆ ವಾಪಸ್ ಬಂತು.

"ಕೊಂದಿದ್ದನ್ನ ಬದುಕಿಸಾಕೂ ನನಗ ಬರ್ತೈತಿ" ಎಂದಳು. "ಸಾಹುಕಾರ, ಕೇಳು. ಒಂದಕ್ಕ ನೂರಾ ನಲವತ್ತರ ಚಿಪ್ಪು, ನಿನ್ನ ಖರ್ಚು. ಟಪಾಲಿನ ಖರ್ಚು ನಿಂದು. ಹುಬ್ಬಳ್ಳಿಯಂವ ತಿದ್ದಿದ್ದನ್ನ, ಚೀನಾದವರು ತಿದ್ದಿದ್ದನ್ನ ತೆಗೆದು, ಮೊದಲಿನ ಆಟ ನಾವ ತುಂಬ್ತೀವಿ. ಮೊದಲನೇ ಪರದೆಯಾಗ ಅವನ ಹೆಸರು. ಮಾರಿದ ಏಳನೂರಾ ಹನ್ನೆರಡಕ್ಕೂ. ನೀ ಒಪ್ಪಿದ್ರ ಮಂದಿ ರೊಕ್ಕ ವಾಪಸ್ ಕೇಳಂಗಿಲ್ಲ, ನಿನ್ನ ಪ್ರೆಸ್ಸು ಉಳೀತೈತಿ."

"ಒಪ್ಪಿದೆ. ಈಗಿಂದೀಗ ಒಪ್ಪಿದೆ."

"ಮುಗಿದಿಲ್ಲ. ಪ್ರತಿ ಪೆಟ್ಟಿಗ್ಯಾಗ ಒಂದು ಕಾರ್ಡು ಬೀಳಬೇಕು. ನಿನ್ನ ಪ್ರೆಸ್ಸಿನಾಗ, ಲಗ್ನಪತ್ರಿಕಿ ಕಾಗದದ ಮ್ಯಾಲ, ಬಂಗಾರ ಬಣ್ಣದ ಅಕ್ಷರದಾಗ. ದಪ್ಪ ಕಾಗದ, ತೆಳ್ಳಂದಲ್ಲ. ಮ್ಯಾಲ ಕನ್ನಡ, ಕೆಳಗ ಇಂಗ್ಲಿಷ್. ಮೊದಲನೇ ಸಾಲು: ಈ ಆಟ ಮಾಡಿದವರು, ಗಾಳೇಶ ಹುಚ್ಚೀರಪ್ಪ, ಕುಷ್ಟಗಿ. ಎರಡನೇ ಸಾಲು: ಇದನ್ನು ಕೆಡಿಸಿದವರು, ದೇವೇಂದ್ರಪ್ಪ, ಕೊಪ್ಪಳ."

"ನನ್ನ ಹೆಸರು ನಾನ ಹಂಗ ಛಾಪಿಸಬೇಕಾ?"

"ಹೆಸರಿನ ಧಂಧೆ ನಿಂದು. ಇಲ್ಲಂದ್ರ ಮೂವತ್ತೆಂಟು ಲಕ್ಷ ಕೊಟ್ಟು ಹೋಗು, ಕಾರ್ಡು ಬ್ಯಾಡ."

ದೇವೇಂದ್ರಪ್ಪ ಗಾಳೇಶನ ಕಡೆ ನೋಡಿದ. ಗಾಳೇಶ ನೆಲ ನೋಡುತ್ತಿದ್ದ. ಡಬ್ಬಗಳನ್ನು ಅಲ್ಲೇ ಬಿಟ್ಟು ದೇವೇಂದ್ರಪ್ಪ ಎದ್ದುಹೋದ.

ಮುಂದಿನ ರವಿವಾರ ಪ್ರೂಫ್ ಬಂತು. ತಂದವನು ದೇವೇಂದ್ರಪ್ಪನೇ. ದಪ್ಪ ಕೆಂಪು ಕಾಗದ, ಸುತ್ತ ಬಾಳೆಗಿಡದ ಅಂಚು, ನಡುವೆ ಬಂಗಾರ ಬಣ್ಣದ ಎರಡು ಸಾಲು. ಎರಡನೇ ಸಾಲಿನ ಅಕ್ಷರ ಒಂದು ಎಳೆ ಸಣ್ಣದಾಗಿತ್ತು. ಹೇಮಾವತಿ ಅದಕ್ಕೆ ಬೆರಳಿಟ್ಟಳು. ದೊಡ್ಡದು ಮಾಡಿಸುತ್ತೇನೆಂದು ಅವನು ತಲೆಯಾಡಿಸಿದ.

ಈ ಒಂದು ವಾರ ಗಾಳೇಶ ಅವಳ ಜೊತೆ ಊಟಕ್ಕೆ ಕೂತಿರಲಿಲ್ಲ. ಈಗ ಕೈ ಚಾಚಿ ಕಾರ್ಡು ತೆಗೆದುಕೊಂಡ. ಎರಡನೇ ಸಾಲು ಹೊಡೆದು ಹಾಕುತ್ತಾನೆ ಎಂದು ಹೇಮಾವತಿ ಅಂದುಕೊಂಡಳು. ಹೊಡೆದರೆ ಕಸಿದುಕೊಳ್ಳಬೇಕೆಂದು ಕೈ ಮುಂದೆ ತಂದಳು. ಅವನು ಹೊಡೆಯಲಿಲ್ಲ. ಜೇಬಿನ ಪೆನ್ನು ತೆಗೆದು, ಐಟಿಐ ಬೋರ್ಡಿನ ಮೇಲೆ ಬರೆಯುವ ಹಾಗೆ ದುಂಡಗೆ, ಕೆಳಗೆ ಮೂರನೇ ಸಾಲು ಬರೆದ.

ಗೊತ್ತಿದ್ದೂ ಸುಮ್ಮನಿದ್ದವರು, ಹೇಮಾವತಿ ಹುಚ್ಚೀರಪ್ಪ, ಕುಷ್ಟಗಿ.

ಕಾರ್ಡನ್ನು ಅವಳ ಮುಂದಿಟ್ಟ. ದೇವೇಂದ್ರಪ್ಪ ಕತ್ತು ಚಾಚಿ ಓದಿದ. ಕ್ಯಾಸೆಟ್ ಸಾಯತೊಡಗಿದ ಮೇಲೆ ಮೊದಲ ಸಲ ಅವನ ಮೀಸೆಯ ಕೆಳಗೆ ನಗು ಕಾಣಿಸಿತು.

ಹೇಮಾವತಿ ಎರಡು ಸಲ ಓದಿದಳು. ಆಟದಲ್ಲಿ ತನ್ನ ಹೆಸರು ಬೇಡವೆಂದು ಕೋಣ ಬರೆಸಿದವಳು ಅವಳು. ತಮ್ಮನ ಕಡೆ ನೋಡಿದಳು. ಅವನು ಕಣ್ಣು ತಪ್ಪಿಸಲಿಲ್ಲ.

"ಹಾಕು" ಎಂದು ದೇವೇಂದ್ರಪ್ಪನ ಕಡೆ ಕಾರ್ಡು ತಳ್ಳಿದಳು. "ಮೂರೂ ಸಾಲು ಒಂದ ಅಳತಿ. ನಂದು ಸಣ್ಣ ಮಾಡಿದಿ ಅಂದ್ರ ಪ್ರೆಸ್ಸಿಗೆ ಬರ್ತೀನಿ. ಮತ್ತ, ಏನ್ ಹಲ್ಲ ಕಿಸೀತಿ? ಮಾಡಿದ್ದು ಮಾಡೀನಿ. ನಾಳೆ ಮತ್ತ ಹೆಸರು ತೆಗೀ, ಮತ್ತ ಮಾಡ್ತೀನಿ."

ಅವನ ನಗು ಹೋಯಿತು. ಅವಳು ಎರಡನೇ ಬೆಸುಗೆ ಕಡ್ಡಿಯನ್ನು ಪ್ಲಗ್ಗಿಗೆ ಸಿಕ್ಕಿಸಿ ಅವನ ಮುಂದೆ ಇಟ್ಟಳು.

"ಕುಂದ್ರು."

"ನಾನಾ?"

"ಬೆಸಗಿ ಹಾಕೋರು ಎಲ್ಲಿ ಇರಬೇಕು ಅಂತ ಹೇಳಿದ್ದೆಲ್ಲ. ಇಲ್ಲೇ ಇರ್ತಾರ. ರವಿವಾರಕ್ಕೊಮ್ಮಿ ಬಾ, ಕಲಿ. ಕೈ ಸುಟ್ರ ಬಾಯಾಗ ಇಟ್ಕೊಬ್ಯಾಡ, ಸೀಸ ಇರ್ತೈತಿ."

ಅವನು ಕೂತ. ಕಡ್ಡಿ ಕಾಯತೊಡಗಿತು.

"ಆ ನರ್ಸಮ್ಮಂದು ಬಂದೈತೇನು?" ಎಂದು ಹೇಮಾವತಿ ಡಬ್ಬದ ಕಡೆ ನೋಡುತ್ತ ಕೇಳಿದಳು.

ಗಾಳೇಶ ಡಬ್ಬದಲ್ಲಿ ಕೈಯಾಡಿಸಿ, ಪೋಲೆಂಡಿನ ಚೀಟಿ ಅಂಟಿದ್ದ ಕ್ಯಾಸೆಟ್ಟನ್ನು ಹುಡುಕಿ ಕೊಟ್ಟ. ಅವಳು ಸ್ಕ್ರೂ ಬಿಚ್ಚಿ, ಎಂಟೂ ಕಾಲಿಗೆ ಕಡ್ಡಿ ತಾಗಿಸಿ, ಸತ್ತ ಚಿಪ್ಪನ್ನು ಚಿಮಟಿಗೆಯಿಂದ ಎತ್ತಿ ಸ್ಕ್ರೂ ಡಬ್ಬಿಗೆ ಹಾಕಿದಳು. ಅದು ಐನೂರರ ನೋಟಿನ ಮೇಲೆ ಬಿತ್ತು.

ಇನ್ನೂ ಏಳುನೂರಾ ಹನ್ನೊಂದು ಉಳಿದಿದ್ದವು.